ಮ್ಯಾಕೆಲ್ಹೆರನ್ನರ ಮನೆಯ ನಾಗದೋಷ

ನಮ್ಮ ಅಡುಗೆಮನೆಯ ಕಿಟಕಿಯಲ್ಲಿ, ತುಳಸಿ ಕುಂಡದ ಪಕ್ಕ, ಒಂದು ಪುಟ್ಟ ಹಿತ್ತಾಳೆಯ ಬಟ್ಟಲಿದೆ. ಅದರೊಳಗಿರುವ ವಸ್ತುವನ್ನು ನೋಡಿದವರು ಒಣಗಿದ ಯಾವುದೋ ಬೀಜದ ಕೋಡು ಎಂದುಕೊಳ್ಳುತ್ತಾರೆ. ಹೋದ ತಿಂಗಳು ಬಂದಿದ್ದ ಗೆಳತಿಯೊಬ್ಬಳು, "ಇದ್ಯಾವ ಅವರೆ ಕಣೇ? ನನಗೂ ಎರಡು ಕೊಡು, ಹಿತ್ತಲಲ್ಲಿ ಹಾಕ್ತೀನಿ" ಎಂದು ಕೈ ಹಾಕಿದಳು. ನಾನು ಕಿರುಚಿದ ಕಿರುಚಿಗೆ ಅವಳ ಕೈಯ ಕಾಫಿ ಲೋಟ ಸಿಂಕಿಗೆ ಬಿತ್ತು.

ಅದು ಅವರೆಯಲ್ಲ. ಟೆಕ್ಸಸ್ಸಿನ ರ‍್ಯಾಟಲ್‌ಸ್ನೇಕ್ ಇದೆಯಲ್ಲ, ಬಾಲ ಅಲ್ಲಾಡಿಸಿ ಸದ್ದು ಮಾಡುವ ಹಾವು, ಅದರ ಬಾಲದ ತುದಿಯ ಗಿಲಕಿ. ಇಷ್ಟು ಬರೆದು ಒಮ್ಮೆ ಹೊರಗೆ ನೋಡಿದೆ. ಇನ್ನೂ ಬೆಳಕಿದೆ, ಅಡ್ಡಿಯಿಲ್ಲ. ಸಂಜೆಯ ಮೇಲಾದರೆ ನಾನು ಅದರ ಹೆಸರೆತ್ತುವುದಿಲ್ಲ, 'ಹುಳ' ಎನ್ನುತ್ತೇನೆ. ಹೂಸ್ಟನ್ನಿನ ಮಗ್ಗುಲಿನ ಈ ಮಿಸೌರಿ ಸಿಟಿಗೆ ಬಂದು ಅರ್ಧ ಆಯುಷ್ಯ ಕಳೆದರೂ ಈ ಒಂದು ವಿಷಯದಲ್ಲಿ ನಾನಿನ್ನೂ ಉಡುಪಿಯಿಂದ ಹೊರಟೇ ಇಲ್ಲ. ಇಂಥ ಹೆದರುಪುಕ್ಕಲಿಯ ಮನೆಯ ಕಿಟಕಿಗೆ ಈ ಗಿಲಕಿ ಹೇಗೆ ಬಂತು ಎಂದು ನೀವು ಕೇಳಿಯೇ ಕೇಳುತ್ತೀರಿ. ಹೇಳುತ್ತೇನೆ, ಆದರೆ ನಾನು ನೆಟ್ಟಗೆ ಹೇಳುವವಳಲ್ಲ.

ನಾನು ಹುಟ್ಟಿದ ಮನೆಯ ಹಿಂದೆ ಒಂದು ನಾಗಬನವಿತ್ತು. ಬನವೆಂದರೆ ನಾಲ್ಕು ಹಳೆಯ ಮರ, ಮರಕ್ಕೆ ಸುತ್ತಿದ ಬಳ್ಳಿ, ಬುಡದಲ್ಲಿ ಪಾಚಿ ಹಿಡಿದ ನಾಗನ ಕಲ್ಲು. ಅಲ್ಲಿ ಉಗುಳಬಾರದು, ಒಣ ಎಲೆಯನ್ನೂ ಗುಡಿಸಬಾರದು, ಚೆಂಡು ಹೋಗಿ ಬಿದ್ದರೆ ಆ ಚೆಂಡಿನ ಆಸೆ ಬಿಡಬೇಕು. ನಮ್ಮ ಬಾಲ್ಯದ ಚೆಂಡುಗಳೆಲ್ಲ ಈಗಲೂ ಅಲ್ಲೇ ಇರಬೇಕು. ಪಂಚಮಿಯ ದಿನ ಅಜ್ಜಿ ಕಲ್ಲಿಗೆ ಸೀಯಾಳ ಎರೆದು, ಅರಿಶಿನ ಹಚ್ಚಿ, ನಮ್ಮ ತಲೆಗಳನ್ನು ಒಂದೊಂದಾಗಿ ಹಿಡಿದು ಬಗ್ಗಿಸುತ್ತಿದ್ದಳು. ದೇವರಿಗೆ ಕೈಮುಗಿಯುವಾಗ ಕಣ್ಣು ಮುಚ್ಚಬಹುದಿತ್ತು. ನಾಗನಿಗೆ ಮುಗಿಯುವಾಗ ನಾವು ಯಾರೂ ಕಣ್ಣು ಮುಚ್ಚುತ್ತಿರಲಿಲ್ಲ.

ನಾಲ್ಕು ಮನೆ ಆಚೆ ಒಂದು ದೊಡ್ಡ ಮನೆಯಿತ್ತು. ಹತ್ತು ಮಕ್ಕಳು ಓಡಾಡಬೇಕಾದ ಜಗಲಿ, ಒಬ್ಬರೂ ಇಲ್ಲ. ಅಲ್ಲಿನ ಹಿರಿಯರೊಬ್ಬರು ಹಾರೆಯಲ್ಲಿ ಹುತ್ತ ಅಗೆದರಂತೆ, ಹಾರೆ ತಾಗಬಾರದ್ದಕ್ಕೆ ತಾಗಿತಂತೆ. "ಆ ಮೇಲೆ ಅಲ್ಲಿ ಸಂತಾನ ನಿಲ್ಲುವುದಿಲ್ಲ. ತಲೆಮಾರಿಗೆ ಒಬ್ಬ ಉಳಿದರೆ ಹೆಚ್ಚು" ಎಂದು ಅಜ್ಜಿ ಪಿಸುಗುಟ್ಟುತ್ತಿದ್ದಳು. ಆ ಮನೆಯ ಮುಂದೆ ನಾನು ಶಾಲೆಗೆ ಓಡಿಕೊಂಡೇ ಹೋಗುತ್ತಿದ್ದೆ. ಮುಂದೆ ನಾನು ವಿಜ್ಞಾನ ಓದಿದೆ, ಇಲ್ಲಿಯ ಆಸ್ಪತ್ರೆಯೊಂದರ ಲ್ಯಾಬಿನಲ್ಲಿ ರಕ್ತ ಪರೀಕ್ಷೆ ಮಾಡುವ ಕೆಲಸಕ್ಕೆ ಸೇರಿದೆ. ಹಗಲೆಲ್ಲ ಮೈಕ್ರೋಸ್ಕೋಪಿನಲ್ಲಿ ಜನರ ಕಾಯಿಲೆಗೆ ಕಾರಣ ಹುಡುಕುವವಳು ಮನೆಗೆ ಬಂದರೆ ಅಜ್ಜಿಯ ಮೊಮ್ಮಗಳೇ. ನನ್ನವರು ಶ್ರೀಕಂಠ ಮೈಸೂರಿನವರು, ಎಂಜಿನಿಯರು. ನಾಗ ಎಂದರೆ ಅವರಿಗೆ ಪಂಚಮಿಯ ತಂಬಿಟ್ಟು ಅಷ್ಟೇ ನೆನಪಾಗುವುದು.

ಇನ್ನು ಹೆಸರಿನ ವಿಷಯಕ್ಕೆ ಬರುತ್ತೇನೆ. ಎರಡು ಸಾವಿರದ ಹನ್ನೆರಡರ ಸುಮಾರಿಗೆ ನಮ್ಮ ಒಬ್ಬಳೇ ಮಗಳು ಅನಘಾ ಆಸ್ಟಿನ್ನಿನಿಂದ ಫೋನ್ ಮಾಡಿ, "ಅಮ್ಮಾ, ಓವನ್ ಅಂತ ಒಬ್ಬ ಇದಾನೆ. ವಿ ಆರ್ ಸೀರಿಯಸ್" ಎಂದಳು. ನನ್ನ ಬಾಯಿಂದ ಮೊದಲು ಬಂದದ್ದು ನಮ್ಮೂರ ಪ್ರಶ್ನೆಯೇ.

"ಯಾವ ಮನೆಯವರು?"

"ಮನೆ? ಲೂಯಿಸ್‌ವಿಲ್, ಡಲ್ಲಾಸ್ ಹತ್ರ. ಲಾಸ್ಟ್ ನೇಮ್ ಮ್ಯಾಕೆಲ್ಹೆರನ್."

ಮನೆತನ ವಿಚಾರಿಸುವುದು ನಮ್ಮವರಿಗೆ ಊಟದಷ್ಟೇ ಸಹಜ. ಐತಾಳ ಎಂದರೆ ಸಾಕು, ಯಾವ ಐತಾಳ, ಅವರ ಅತ್ತೆಯನ್ನು ಎಲ್ಲಿಗೆ ಕೊಟ್ಟಿದ್ದಾರೆ, ಮನೆಯಲ್ಲಿ ಯಾರಿಗೆ ಸಕ್ಕರೆ ಕಾಯಿಲೆ, ಎಲ್ಲವೂ ಸಂಜೆಯೊಳಗೆ ಗೊತ್ತಾಗುತ್ತದೆ. ಈ ಹೆಸರನ್ನು ಹಿಡಿದು ನಾನು ಯಾರನ್ನು ಕೇಳಲಿ? ಆಸ್ಪತ್ರೆಯಲ್ಲಿ ಮ್ಯಾಕ್ ಎಂದು ಶುರುವಾಗುವ ಹೆಸರಿನವರು ಬೇಕಾದಷ್ಟು ಜನ ಇದ್ದರು. ಒಬ್ಬೊಬ್ಬರನ್ನೂ ಕೇಳಿದೆ. "ಕೇಳಿಯೇ ಇಲ್ಲ" ಎಂದರು ಎಲ್ಲರೂ. ಐರಿಶ್ ಮೂಲದ ಮುದುಕ ಡಾಕ್ಟರೊಬ್ಬರು, "ಇಂಥ ಹೆಸರು ಇನ್ನೂ ಉಳಿದಿದೆಯೇ?" ಎಂದು ಹುಬ್ಬೇರಿಸಿದರು. ಆ 'ಇನ್ನೂ' ಎನ್ನುವುದು ನನಗೆ ಹಿಡಿಸಲಿಲ್ಲ.

ಬೀಗರಾಗಲಿರುವವರನ್ನು ನೋಡಲು ಲೂಯಿಸ್‌ವಿಲ್‌ಗೆ ಹೋದೆವು. ಓವನ್‌ನ ತಂದೆ ಡೇಲ್, ಹೆಂಡತಿ ತೀರಿಕೊಂಡ ಮೇಲೆ ಒಬ್ಬರೇ ಇದ್ದರು. ಅಲ್ಲಿನ ಸರೋವರದಲ್ಲಿ ದೋಣಿಗಳ ಎಂಜಿನ್ ರಿಪೇರಿ ಮಾಡುತ್ತಿದ್ದವರು, ಆಗ ತಾನೇ ಅಂಗಡಿ ಮುಚ್ಚಿದ್ದರು. ಉದ್ದನೆಯ ಆಳು, ಮೆತ್ತನೆಯ ಮಾತು. ನಾವು ಮಾಂಸ ತಿನ್ನುವುದಿಲ್ಲವೆಂದು ಜೋಳದ ತೆನೆಗಳನ್ನು ರಾಶಿ ಹಾಕಿಕೊಂಡು ಹಿತ್ತಲಿನ ಒಲೆಯಲ್ಲಿ ಸುಡುತ್ತಾ ನಿಂತಿದ್ದರು. ಬೀಗರನ್ನು ಹೆಸರು ಹಿಡಿದು ಕರೆಯುವ ಸಂಕಟದಲ್ಲಿ ನಾನು ಅವರನ್ನು ಏನೆಂದೂ ಕರೆಯದೆ, "ಈ ಹೆಸರಿನ ಅರ್ಥವೇನು?" ಎಂದು ಕೇಳಿದೆ. ಅವರ ಮುಖ ಅರಳಿತು. ಯಾರಾದರೂ ಕೇಳಲಿ ಎಂದು ಅವರು ಕಾಯುತ್ತಿದ್ದರು ಅಂತ ಕಾಣುತ್ತದೆ.

"ಮ್ಯಾಕ್ ಅಂದರೆ ಮಗ," ಎಂದರು ಡೇಲ್ ಇಂಗ್ಲಿಷಿನಲ್ಲಿ, ಮಕ್ಕಳಿಗೆ ಹೇಳುವಷ್ಟು ನಿಧಾನವಾಗಿ. "ಆಮೇಲೆ ಗಿಲ್ಲ ಅಂತ ಒಂದು ಗೇಲಿಕ್ ಮಾತು. ಆಳು, ಸೇವಕ ಅಂತ. ಆಮೇಲೆ ಕಿಯಾರನ್. ಅವರು ಐರ್ಲೆಂಡಿನ ಹಳೇ ಕಾಲದ ಒಬ್ಬ ಸಂತರು. ಆ ಹೆಸರಿಗೆ ಪುಟ್ಟ ಕಪ್ಪು ಹುಡುಗ ಅಂತ ಅರ್ಥ. ಆ ಸಂತರ ಸೇವಕನ ಮಗ. ಬಾಯಿಂದ ಬಾಯಿಗೆ ಸವೆದು, ಇಂಗ್ಲಿಷ್ ಬರೆಯುವವರ ಕೈಗೆ ಸಿಕ್ಕಿ ಮ್ಯಾಕೆಲ್ಹೆರನ್ ಆಯಿತು."

ನನ್ನವರು ನನ್ನ ಕಡೆ ತಿರುಗಿ ಕನ್ನಡದಲ್ಲಿ, "ಕರಿಯಪ್ಪನ ದಾಸನ ಮಗ! ಇಷ್ಟೇನೇನೇ? ಚಾಮರಾಜನಗರದ ಕಡೆಯವರು ಅಂದ್ಕೊಂಡ್ರಾಯ್ತು ಬಿಡು" ಎಂದರು. ನನಗೂ ನಗು ಬಂತು. ಗೊತ್ತಿಲ್ಲದ ಮನೆ ಸ್ವಲ್ಪ ಗೊತ್ತಿರುವ ಮನೆಯಾದಂತೆ ಅನಿಸಿತು. ನಮ್ಮಲ್ಲೂ ಹಾಗೆಯೇ ತಾನೆ? ಅನಘಾಳ ಹೆಸರಿನ ಹಿಂದಿರುವುದು ಅವಳಪ್ಪನ ಹೆಸರು, ಶ್ರೀಕಂಠ. ಮ್ಯಾಕ್ ಎನ್ನುವುದೊಂದಿಲ್ಲ ಅಷ್ಟೇ.

ಆ ನಗುವಿನಲ್ಲೇ ನಾನು ಕೇಳಬಾರದ್ದನ್ನು ಕೇಳಿದೆ. "ಇಷ್ಟು ಒಳ್ಳೆಯ ಹೆಸರು ಯಾಕೆ ಎಲ್ಲೂ ಸಿಗುವುದಿಲ್ಲ?"

ಡೇಲ್ ಜೋಳದ ತೆನೆಯನ್ನು ತಿರುಗಿಸಿದರು. "ನಾವು ತುಂಬಾ ಕಡಮೆ ಜನ. ನಮ್ಮ ಕಡೆ ಒಂದು ತಲೆಮಾರಿಗೆ ಒಬ್ಬ ಉಳಿದರೆ ಹೆಚ್ಚು."

ಅಜ್ಜಿಯ ಮಾತು ಅಕ್ಷರ ಬಿಡದೆ ಇಂಗ್ಲಿಷಿನಲ್ಲಿ ಕೇಳಿಸಿದಂತಾಗಿ ನನ್ನ ಕೈಯ ತೆನೆ ತಟ್ಟೆಗೆ ಬಿತ್ತು. ಅಲ್ಲಿಗೆ ಮುಗಿದಿದ್ದರೆ ಸುಮ್ಮನಾಗುತ್ತಿದ್ದೆನೋ ಏನೋ. ಊಟವಾದ ಮೇಲೆ ಒಳಗೆ ಕೂತೆವು. ಗೋಡೆಯ ಮೇಲೆ ಒಂದು ಹಳೆಯ ಪಿಟೀಲು ತೂಗುಹಾಕಿತ್ತು. ಡೇಲ್ ಅದನ್ನು ಇಳಿಸಿದೊಡನೆ ಅದರ ಹೊಟ್ಟೆಯೊಳಗೆ ಏನೋ ಚರಚರ ಎಂದಿತು. ಅವರು ಅದನ್ನು ನನ್ನ ಕಿವಿಯ ಹತ್ತಿರ ತಂದು ಅಲ್ಲಾಡಿಸಿ, "ಏನು ಹೇಳಿ ನೋಡೋಣ?" ಎಂದರು.

ಅವರ ಅಜ್ಜ ಪಶ್ಚಿಮ ಟೆಕ್ಸಸ್ಸಿನ ಒಣ ಸೀಮೆಯಲ್ಲಿ ರ‍್ಯಾಟಲ್‌ಸ್ನೇಕ್ ಹಿಡಿದು, ಕೊಂದು, ಚರ್ಮ ಸುಲಿದು ಮಾರಿ ಬದುಕಿದವರಂತೆ. ಹಿಡಿದದ್ದರಲ್ಲಿ ಎಲ್ಲಕ್ಕಿಂತ ದೊಡ್ಡದರ ಗಿಲಕಿಯನ್ನು ಪಿಟೀಲಿನೊಳಗೆ ಹಾಕಿದರಂತೆ. ಆ ಕಾಲದ ಪಿಟೀಲಿನವರಲ್ಲಿ ಅದೊಂದು ಪದ್ಧತಿ. ನಾದ ಚೆನ್ನಾಗಿ ಬರುತ್ತದೆ ಎನ್ನುವವರು ಕೆಲವರು, ಇಲಿ ಬರುವುದಿಲ್ಲ ಎನ್ನುವವರು ಕೆಲವರು. ಡೇಲ್ ಇದನ್ನೆಲ್ಲ ಮನೆಯ ಒಡವೆಯ ಕಥೆ ಹೇಳುವಂತೆ ಹೇಳುತ್ತಿದ್ದರು. ಕಥೆ ಮುಗಿಯುವಾಗ ನಾನು ಸೋಫಾದ ಮೇಲೆ ಕಾಲು ಮಡಚಿ ಕೂತಿದ್ದೆ. ಅಮೆರಿಕನ್ ಬೀಗರೆದುರು ಅಷ್ಟು ಸಲೀಸಾಗಿ ಪದ್ಮಾಸನ ಹಾಕಿದ್ದನ್ನು ಕಂಡು ಡೇಲ್, ಇವರು ಯೋಗ ಮಾಡುವವರಿರಬೇಕು ಎಂದುಕೊಂಡರಂತೆ. ಆಮೇಲೆ ಅನಘಾ ಹೇಳಿದಳು.

ವಾಪಸು ಹೂಸ್ಟನ್ನಿಗೆ ಡ್ರೈವ್ ಮಾಡುವಾಗ ನಾನು ಎಲ್ಲವನ್ನೂ ಜೋಡಿಸಿ ಹೇಳಿದೆ. ಕೊಂದವರು ಅಜ್ಜ, ಗಿಲಕಿ ಮನೆಯಲ್ಲೇ ಇದೆ, ವಂಶ ಬೆಳೆಯುತ್ತಿಲ್ಲ.

"ಏನೇ ನಿಂದು," ಎಂದರು ನನ್ನವರು ರಸ್ತೆಯಿಂದ ಕಣ್ಣು ತೆಗೆಯದೆ. "ಐರ್ಲೆಂಡ್‌ನಲ್ಲಿ ಹಾವೇ ಇಲ್ಲ, ಗೊತ್ತಾ? ಹಾವಿಲ್ಲದ ದೇಶದವರಿಗೆ ನಾಗದೋಷ ಎಲ್ಲಿಂದ ಬರತ್ತೆ?"

"ಅದೇ ನಾನು ಹೇಳುವುದು. ಅಲ್ಲಿ ಇಲ್ಲದ ಕಾರಣ ಇವರಿಗೆ ಹೆದರಲಿಕ್ಕೆ ಯಾರೂ ಕಲಿಸಲಿಲ್ಲ. ಇಲ್ಲಿ ಬಂದು ಸೀದಾ ಕೈ ಹಾಕಿದರು."

ಅವರು ಗಾಡಿಯ ರೇಡಿಯೋ ಹಾಕಿದರು. ನಾನು ದಾರಿಯುದ್ದಕ್ಕೂ ಹೊರಗಿನ ಹುಲ್ಲುಗಾವಲು ನೋಡುತ್ತಾ ಕೂತೆ. ಎಷ್ಟು ಹುಲ್ಲು, ಅದರೊಳಗೆ ಎಷ್ಟು ಇರಬಹುದು ಎಂದೇ ಯೋಚನೆ.

ಮದುವೆ ಚೆನ್ನಾಗಿಯೇ ಆಯಿತು. ಓವನ್ ಚಿನ್ನದಂಥ ಹುಡುಗ, ಸಾರನ್ನ ಕೈಯಲ್ಲಿ ಕಲಸಿ ತಿನ್ನುತ್ತಾನೆ, ಕನ್ನಡ ಅಕ್ಷರ ಕಲಿಯುತ್ತೇನೆಂದು ಹಟ ಹಿಡಿದವನು. ಅನಘಾ ತನ್ನ ಹೆಸರು ಬದಲಾಯಿಸಲಿಲ್ಲ. ಸ್ತ್ರೀ ಸ್ವಾತಂತ್ರ್ಯ ಎಂದು ಅವಳ ಗೆಳತಿಯರು ಮೆಚ್ಚಿದರು. ನಾನೂ ಮೆಚ್ಚಿದೆ, ಆದರೆ ನನ್ನ ಕಾರಣವೇ ಬೇರೆ. ಆ ಹೆಸರಿನ ನೆರಳು ನನ್ನ ಮಗಳ ಮೇಲೆ ಬೀಳುವುದು ಬೇಡವಾಗಿತ್ತು ನನಗೆ.

ಮದುವೆಯಾದ ಎರಡನೆಯ ವರ್ಷ ಅವಳು ಬಸುರಿಯಾದಳು. ಅದು ನಿಲ್ಲಲಿಲ್ಲ. ಡಾಕ್ಟರು ಇದು ಎಷ್ಟೋ ಜನರಿಗೆ ಆಗುವುದೇ ಎಂದರು. ಅದು ನಿಜವೆಂದು ನನ್ನಷ್ಟು ಚೆನ್ನಾಗಿ ಯಾರಿಗೆ ಗೊತ್ತು? ಲ್ಯಾಬಿನಲ್ಲಿ ದಿನವೂ ನೋಡುತ್ತೇನೆ. ಆದರೆ ಆಸ್ಟಿನ್ನಿನ ಅವಳ ಮನೆಯಲ್ಲಿ ಗಂಜಿ ಬೇಯಿಸುತ್ತಾ ನಿಂತಾಗ ನನ್ನ ಕಿವಿಯಲ್ಲಿ ಕೇಳುತ್ತಿದ್ದುದು ಆ ಪಿಟೀಲಿನ ಚರಚರ ಸದ್ದೇ.

ಮಾರನೆಯ ವರ್ಷ ಮತ್ತೆ ಬಸುರಿಯಾದಳು. ಆ ಸಲ ನಾನು ಸಂತೋಷಪಟ್ಟಿದ್ದೇ ನೆನಪಿಲ್ಲ. ಫೋನು ಬಂದರೆ ಭಯ, ಬಾರದಿದ್ದರೂ ಭಯ. "ಮಗುವಿಗೆ ನಮ್ಮ ಹೆಸರನ್ನೇ ಇಡು ಮಾರಾಯ್ತಿ, ಶ್ರೀಕಂಠ ಅಂತಲೇ ಇರಲಿ" ಎಂದು ಒಂದೆರಡು ಸಲ ಹೇಳಿ ನೋಡಿದೆ. "ಅಮ್ಮಾ, ಪ್ಲೀಸ್, ಡೋಂಟ್ ಸ್ಟಾರ್ಟ್" ಎಂದಳು. ಡೇಲ್ ಮಾತ್ರ ಆ ವಿಷಯವನ್ನೇ ಎತ್ತಲಿಲ್ಲ.

ಆರನೆಯ ತಿಂಗಳಲ್ಲಿ ಅವಳ ಜೊತೆಗಿರಲು ಹೋದೆ. ಡಾಕ್ಟರು ನಡೆಯಬೇಕು ಎಂದಿದ್ದರಿಂದ ಸಂಜೆ ಬಿಸಿಲು ತಗ್ಗಿದ ಮೇಲೆ ಅವಳ ಅಪಾರ್ಟ್‌ಮೆಂಟಿನ ಹಿಂದಿನ ಕಾಲುದಾರಿಯಲ್ಲಿ ಇಬ್ಬರೂ ಹೊರಟೆವು. ಸುಣ್ಣದ ಕಲ್ಲಿನ ದಾರಿ, ಎರಡೂ ಬದಿಗೆ ಕುರುಚಲು ಗಿಡ. ಅವಳು ಎರಡು ಹೆಜ್ಜೆ ಮುಂದಿದ್ದಳು. ಎಲ್ಲೋ ಹುಲ್ಲಿಗೆ ನೀರು ಚಿಮುಕಿಸುವ ಯಂತ್ರದ ಸದ್ದು ಎಂದುಕೊಂಡೆ. ಅನಘಾ ನಿಂತಳು.

"ಅಮ್ಮಾ, ಸ್ಟಾಪ್. ಮೆಲ್ಲಗೆ ಹಿಂದೆ ಹೋಗು."

ದಾರಿಯ ನಡುವೆ, ಅವಳ ಕಾಲಿನಿಂದ ಒಂದು ಮಾರು ದೂರದಲ್ಲಿ, ಅದು ಸುತ್ತಿಕೊಂಡು ಕೂತಿತ್ತು. ಕಲ್ಲಿನದೇ ಬಣ್ಣ. ಬಾಲ ಮಾತ್ರ ನೆಟ್ಟಗೆ ನಿಂತು, ಕಣ್ಣಿಗೆ ಕಾಣದಷ್ಟು ವೇಗವಾಗಿ ನಡುಗುತ್ತಿತ್ತು. ಅನಘಾ ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು ಒಂದೊಂದೇ ಹೆಜ್ಜೆ ಹಿಂದಿಟ್ಟಳು. ನಾನು ಅವಳನ್ನು ಎಳೆದುಕೊಳ್ಳಬೇಕಾಗಿತ್ತು. ಎಳೆಯಲಿಲ್ಲ. ಕಾಲು ಕಿತ್ತು ಬಾರದೆ, ಅಲ್ಲೇ ಕೈಜೋಡಿಸಿ, ಕಣ್ಣು ಮುಚ್ಚದೆ, "ತಪ್ಪಾಯಿತು, ತಪ್ಪಾಯಿತು, ಮಗುವನ್ನು ಬಿಟ್ಟುಬಿಡು, ಶಾಂತಿ ಮಾಡಿಸುತ್ತೇನೆ" ಎಂದು ಗಟ್ಟಿಯಾಗಿ ಹೇಳುತ್ತಿದ್ದೆನಂತೆ. ಸ್ವಲ್ಪ ಹೊತ್ತಿಗೆ ಸದ್ದು ನಿಂತಿತು. ಅದು ಸುತ್ತು ಬಿಚ್ಚಿ, ಯಾವ ಅವಸರವೂ ಇಲ್ಲದೆ ಗಿಡಗಳ ನಡುವೆ ಹೋಯಿತು.

ಮನೆ ಸೇರಿದ ಮೇಲೆ ಅನಘಾ ನೀರು ಕುಡಿಯುತ್ತಾ, "ಅಮ್ಮಾ, ಯಾರಿಗೆ ಸಾರಿ ಹೇಳ್ತಿದ್ದೆ?" ಎಂದಳು.

"ನಿನ್ನ ಮಾವನ ಅಜ್ಜನ ಪರವಾಗಿ" ಎಂದೆ. ಅವಳು ನಕ್ಕಳು.

ಹರಕೆ ಬಾಯಿಂದ ಬಿದ್ದಾಗಿತ್ತು. ಆದರೆ ತೀರಿಸುವವರು ಯಾರು? ದೋಷ ಯಾರ ಮನೆಯದೋ ಸಂಕಲ್ಪವನ್ನು ಆ ಮನೆಯವರೇ ಮಾಡಬೇಕು. ಹೆಣ್ಣಿನ ಕಡೆಯವಳಾದ ನಾನು ನೂರು ಪೂಜೆ ಮಾಡಿಸಿದರೂ ಅದು ಮ್ಯಾಕೆಲ್ಹೆರನ್ನರ ಲೆಕ್ಕಕ್ಕೆ ಬರುವುದಿಲ್ಲ. ಮರುದಿನ ಬೆಳಗ್ಗೆ ದೇವರಿಗೆ ದೀಪ ಹಚ್ಚಿ ಡೇಲ್‌ಗೆ ಫೋನ್ ಮಾಡಿದೆ. ಭಾನುವಾರ ತಪ್ಪದೆ ಚರ್ಚಿಗೆ ಹೋಗುವ ಮನುಷ್ಯ. 'ನಿಮ್ಮ ಅಜ್ಜ ಕೊಂದ ಹಾವಿನ ಶಾಪ ನಿಮ್ಮ ವಂಶಕ್ಕೆ ತಟ್ಟಿದೆ' ಎಂದು ಹೇಳುವ ಸೊಸೆಯ ತಾಯಿಯನ್ನು ಅವರು ಏನೆಂದುಕೊಂಡಾರು? ಹೇಗೋ ಏನೋ ಎಲ್ಲವನ್ನೂ ಹೇಳಿದೆ. ಸಂಬಂಧ ಕೆಟ್ಟಿತು ಎಂದುಕೊಂಡೆ.

"ಸುಮತಿ," ಎಂದರು ಡೇಲ್. "ಓವನ್‌ಗಿಂತ ಮುಂಚೆ ನನ್ನ ಹೆಂಡತಿ ಎರಡು ಬಸಿರು ಕಳೆದುಕೊಂಡಳು. ನನ್ನ ಅಮ್ಮನಿಗೂ ಹಾಗೇ ಆಗಿತ್ತು. ನಾನು ಈ ಹೆಸರಿನ ಹಿಂದೆ ಬಿದ್ದು ಅಲ್ಲಿ ಇಲ್ಲಿ ಹುಡುಕುವುದು ಹೆಮ್ಮೆಗೆ ಅಂತ ಎಲ್ಲರೂ ತಿಳಿದಿದ್ದಾರೆ. ಹೆಮ್ಮೆ ಅಲ್ಲ. ನಮ್ಮವರು ಬೇರೆ ಯಾರಾದರೂ ಉಳಿದಿದ್ದಾರೋ ಅಂತ ನೋಡುತ್ತಿದ್ದೆ."

ಅವರೇ, "ಯಾವ ದಿನ ಬರಬೇಕು? ಪಿಟೀಲು ತರಬೇಕೇ?" ಎಂದರು. ಇಷ್ಟು ದಿನ ಈ ಭಯವನ್ನು ನಾನೊಬ್ಬಳೇ ಹೊತ್ತಿದ್ದೇನೆ ಎಂದುಕೊಂಡಿದ್ದೆ. ಅವರು ನನಗಿಂತ ಎಷ್ಟೋ ಮುಂಚಿನಿಂದ ಹೊತ್ತಿದ್ದರು.

ಡಲ್ಲಾಸ್ ಹತ್ತಿರದ ಇರ್ವಿಂಗ್‌ನ ದೇವಸ್ಥಾನಕ್ಕೆ ನಾವು ಹೂಸ್ಟನ್ನಿನಿಂದ ಹೋದೆವು, ಅವರು ಲೂಯಿಸ್‌ವಿಲ್‌ನಿಂದ ಬಂದರು. ನಾನು ಸೀಯಾಳ ಕೊಂಡಿದ್ದೆ, ಕುಂಡದಲ್ಲಿ ಬೆಳೆಸಿದ ಅರಿಶಿನದ ಎಲೆ ಕೊಯ್ದು ತಂದಿದ್ದೆ. ಚರ್ಮದ್ದು ಏನೂ ಒಳಗೆ ಬೇಡ ಎಂದು ಡೇಲ್‌ಗೆ ಮೊದಲೇ ಹೇಳಿದ್ದರಿಂದ ಅವರು ಬೂಟಿನ ಜೊತೆ ಬೆಲ್ಟನ್ನೂ ಟ್ರಕ್ಕಿನಲ್ಲಿ ಬಿಟ್ಟು, ಪ್ಯಾಂಟನ್ನು ಒಂದು ಕೈಯಲ್ಲಿ ಹಿಡಿದುಕೊಂಡು ಬಂದರು. "ಹೆದರಬೇಡಿ, ಬೆಲ್ಟು ಹಾವಿನದಲ್ಲ, ಹಸುವಿನದು" ಎಂದು ನನ್ನನ್ನು ಸಮಾಧಾನಪಡಿಸಿದರು. ನನ್ನವರು ಗೋಡೆಯ ಕಡೆ ತಿರುಗಿ ನಿಂತು ಕೆಮ್ಮಿದರು.

ಪೂಜೆಗೆ ಸಿಕ್ಕ ಭಟ್ಟರು ನಮ್ಮ ಕರಾವಳಿಯವರೇ, ಚಿಕ್ಕ ಪ್ರಾಯ. ಡೇಲ್ ಪಿಟೀಲನ್ನು ಬೋರಲು ಹಿಡಿದು, ಮಕ್ಕಳು ಹುಂಡಿಯಿಂದ ನಾಣ್ಯ ಉದುರಿಸುವಂತೆ ತಾಳ್ಮೆಯಿಂದ ಅಲ್ಲಾಡಿಸಿ, ಗಿಲಕಿಯನ್ನು ಅದರ ಸೀಳಿನಿಂದ ಹೊರಕ್ಕೆ ಬೀಳಿಸಿ, ಬಾಳೆಲೆಯ ಮೇಲಿಟ್ಟರು. ಭಟ್ಟರು ಅದನ್ನು ಬಗ್ಗಿ ನೋಡಿದರು. ಆಮೇಲೆ ಕೇಳಿದರು.

"ಅಮ್ಮ, ಇವರ ಗೋತ್ರ ಎಂತ?"

ನಾನು ತಡಬಡಾಯಿಸಿದೆ. "ಗೋತ್ರ ಅಂತ ಇಲ್ಲ. ಕಿಯಾರನ್ ಅಂತ ಒಬ್ಬ ಸಂತರು. ಅವರ ದಾಸನ ಮಕ್ಕಳು."

"ಹಾಗಾದರೆ ಕಾಶ್ಯಪ ಹೇಳುವಾ. ಗೋತ್ರ ಗೊತ್ತಿಲ್ಲದವರಿಗೆಲ್ಲ ಕಾಶ್ಯಪರೇ" ಎಂದು ಅವರು ಶುರು ಮಾಡಿದವರು, ಏನೋ ಹೊಳೆದಂತೆ ನಿಲ್ಲಿಸಿದರು. "ಅಲ್ಲ ಮಾರಾಯ್ರೆ, ನಾಗಗಳು ಕೂಡ ಕಶ್ಯಪನ ಮಕ್ಕಳೇ ಅಲ್ವಾ? ಈಗ ಇವರೂ ಅವೂ ದಾಯಾದಿಗಳು ಆದ ಹಾಗೆ ಆಯ್ತಲ್ಲ!"

ಡೇಲ್ ಏನೆಂದು ಕೇಳಿದರು. ನಾನು ಹೇಳಿದೆ. ಪುರಾಣದ ಒಬ್ಬ ಋಷಿ, ಅವನ ಮಕ್ಕಳು ಸರ್ಪಗಳು, ಇಂದಿನಿಂದ ನೀವೂ ಅದೇ ಮನೆಯವರು. ಅವರು ಬಾಳೆಲೆಯ ಮೇಲಿನ ಗಿಲಕಿಯನ್ನು ನೋಡುತ್ತಾ ಕೂತರು.

"ಹಾಗಾದರೆ ನಮ್ಮಜ್ಜ ಕೊಂದದ್ದು ಮನೆಯವರನ್ನೇ" ಎಂದರು. ಅದರಲ್ಲಿ ತಮಾಷೆಯಿರಲಿಲ್ಲ. ಭಟ್ಟರು ತೋರಿಸಿದಂತೆ ಒಂದು ಕೈಯಲ್ಲಿ ಹಾಲೆರೆದರು, ಇನ್ನೊಂದು ಕೈ ಪ್ಯಾಂಟಿನ ಮೇಲೆಯೇ. ಮಂಗಳಾರತಿಯ ಹೊತ್ತಿಗೆ ಆ ಕೈಯನ್ನೂ ಬಿಟ್ಟು ಎರಡೂ ಕೈ ಜೋಡಿಸಿದರು. ಪುಣ್ಯಕ್ಕೆ ಏನೂ ಆಗಲಿಲ್ಲ.

ಹೊರಗೆ ಬಂದ ಮೇಲೆ ಡೇಲ್ ಗಿಲಕಿಯನ್ನು ಮತ್ತೆ ಪಿಟೀಲಿಗೆ ಹಾಕಲಿಲ್ಲ. ಒಗೆದ ಕರವಸ್ತ್ರದಲ್ಲಿ ಸುತ್ತಿ ನನ್ನ ಕಡೆ ಚಾಚಿದರು. "ನಮ್ಮ ಮನೆಯಲ್ಲಿ ಇದಕ್ಕೆ ಹ್ಯಾಗೆ ಹೆದರಬೇಕು ಅಂತ ಯಾರಿಗೂ ಗೊತ್ತಿರಲಿಲ್ಲ. ನಿಮಗೆ ಗೊತ್ತು. ನೀವು ಇಟ್ಟುಕೊಳ್ಳಿ."

ಎರಡೂ ಕೈ ಚಾಚಿ ತೆಗೆದುಕೊಂಡೆ. ಡಲ್ಲಾಸಿನಿಂದ ಹೂಸ್ಟನ್ನಿನವರೆಗೆ ಅದನ್ನು ತೊಡೆಯ ಮೇಲಿಟ್ಟುಕೊಂಡು ಕೂತೆ. ಗಾಡಿ ಹಳ್ಳಕ್ಕೆ ಬಿದ್ದಾಗಲೆಲ್ಲ ಅದು ಮಿಸುಕುತ್ತಿತ್ತು, ನಾನೂ ಮಿಸುಕುತ್ತಿದ್ದೆ.

ಇಷ್ಟಾದ ಮೇಲೆ ಎಲ್ಲವೂ ಸುಸೂತ್ರವಾಯಿತು ಎಂದು ಬರೆಯುವ ಆಸೆ ನನಗೂ ಇದೆ. ಆಗಲಿಲ್ಲ. ದಿನ ತುಂಬುವ ಮುಂಚೆಯೇ ಅನಘಾಳನ್ನು ಆಸ್ಪತ್ರೆಗೆ ಸೇರಿಸಿದರು. ಹೆಣ್ಣುಮಗು. ನನ್ನ ಅಂಗೈಗಿಂತ ಸ್ವಲ್ಪ ದೊಡ್ಡದು, ಗಾಜಿನ ಪೆಟ್ಟಿಗೆಯೊಳಗೆ, ಮೈತುಂಬ ತಂತಿ. ಆ ತಂತಿಗಳ ಕೊನೆಯಲ್ಲಿ ಮೂಡುವ ಒಂದೊಂದು ಅಂಕಿಯ ಅರ್ಥವೂ ನನಗೆ ಗೊತ್ತಿತ್ತು. ಗೊತ್ತಿರಬಾರದಿತ್ತು. ಪೆಟ್ಟಿಗೆಗೆ ಅಂಟಿಸಿದ್ದ ಚೀಟಿಯಲ್ಲಿ, ಅಲ್ಲಿಯ ಪದ್ಧತಿಯಂತೆ ತಾಯಿಯ ಹೆಸರು ಹಿಡಿದು, 'ಬೇಬಿ ಗರ್ಲ್ ಶ್ರೀಕಂಠ' ಎಂದಿತ್ತು. ನನಗೆ ಒಳಗೊಳಗೇ ಎಷ್ಟೋ ಧೈರ್ಯ. ಮಗು ನಮ್ಮ ಹೆಸರಿನಲ್ಲಿದೆ, ಆ ಹೆಸರಿಗೆ ಸಿಕ್ಕಿಲ್ಲ ಎಂದುಕೊಂಡೆ. ಲೂಯಿಸ್‌ವಿಲ್‌ನಿಂದ ಓಡಿ ಬಂದ ಡೇಲ್ ಟೋಪಿಯನ್ನು ಎದೆಗೆ ಹಿಡಿದು ಆ ಚೀಟಿಯನ್ನು ಓದಿದರು, ಮತ್ತೊಮ್ಮೆ ಓದಿದರು. ಗಾಜಿನ ಮೇಲೆ ಒಂದು ಬೆರಳಿಟ್ಟು ನಿಂತರು.

ಮಗು ಉಳಿಯಿತು. ಗ್ರಾಂ ಗ್ರಾಂ ಆಗಿ ಬೆಳೆದು ಮನೆಗೆ ಬಂತು. ಆಸ್ಟಿನ್ನಿನ ಮನೆಯಲ್ಲಿ ನಾಮಕರಣ ಎಂದು ಗೊತ್ತಾಯಿತು. ಕಿಯಾರನ್ ಎಂದರೆ ಪುಟ್ಟ ಕಪ್ಪು ಹುಡುಗ ತಾನೆ, ಅದಕ್ಕೇ ಶ್ಯಾಮಾ ಎಂದಿಡೋಣ ಎಂದವನು ಓವನ್. ಹಿಂದಿನ ದಿನ ತೊಟ್ಟಿಲಿಗೆ ಹೂ ಕಟ್ಟುತ್ತಿದ್ದಾಗ ಅನಘಾ ನನ್ನ ಪಕ್ಕ ಬಂದು ಕೂತಳು.

"ಅಮ್ಮಾ, ಲಾಸ್ಟ್ ನೇಮ್ ಓವನ್‌ದೇ ಹಾಕಿದೀವಿ. ಯು ವುಡ್ ವರಿ, ಅದಕ್ಕೇ ಹೇಳಿರಲಿಲ್ಲ."

ಕೈಯ ಹೂ ಕೈಯಲ್ಲೇ ಉಳಿಯಿತು. "ಡೇಲ್ ಕೇಳಿದರಾ?" ಎಂದೆ.

"ಇಲ್ಲ. ಹೀ ನೆವರ್ ಆಸ್ಕ್ಡ್. ಅದಕ್ಕೇ ಹಾಕಿದ್ದು."

ಆ ರಾತ್ರಿ ನನಗೆ ನಿದ್ದೆಯಿಲ್ಲ. ಬೆಳಗಾಗುತ್ತಲೇ ಇನ್ನೊಂದು ತೊಡಕು. ನಮ್ಮಲ್ಲಿ ಮಗುವಿನ ಕಿವಿಯಲ್ಲಿ ಹೆಸರು ಹೇಳುವವಳು ಸೋದರತ್ತೆ, ತಂದೆಯ ಅಕ್ಕನೋ ತಂಗಿಯೋ. ಓವನ್‌ಗೆ ಅಕ್ಕತಂಗಿಯರಿಲ್ಲ. ಡೇಲ್‌ಗಾದರೂ ಇದ್ದರೆ ದೊಡ್ಡತ್ತೆ ಎಂದು ಕೂರಿಸಬಹುದಿತ್ತು, ಇಲ್ಲ. ಅವರ ತಂದೆಗೂ ಇಲ್ಲ. ನೆನಪಿರುವಷ್ಟು ಹಿಂದಕ್ಕೆ ಹೋದರೂ ಆ ಮನೆಯಲ್ಲಿ ಒಬ್ಬಳು ಸೋದರತ್ತೆ ಸಿಗಲಿಲ್ಲ. ಹೆಸರು ಅಪರೂಪ ಎಂದರೆ ಏನೆಂದು ನನಗೆ ಆ ತೊಟ್ಟಿಲಿನ ಪಕ್ಕ ಖಾಲಿ ಬಿದ್ದಿದ್ದ ಮಣೆಯನ್ನು ನೋಡಿದಾಗ ಅರ್ಥವಾಯಿತು.

"ಅಮ್ಮಾ, ಯು ಡೂ ಇಟ್" ಎಂದಳು ಅನಘಾ.

ಓವನ್ ತಟ್ಟೆಯ ಅಕ್ಕಿಯಲ್ಲಿ ಉಂಗುರ ಹಿಡಿದು, ಬೆವರುತ್ತಾ, ಕನ್ನಡದಲ್ಲಿ 'ಶ್ಯಾಮಾ' ಎಂದು ಬರೆದ. ನಾನು ಮಣೆಯ ಮೇಲೆ ಕೂತು ಮಗುವಿನ ಕಿವಿಗೆ ಬಾಗಿದೆ. ಹೇಳಬೇಕಾದದ್ದು ಇಟ್ಟ ಹೆಸರು ಮಾತ್ರ. ಮನೆತನದ ಹೆಸರು ಕಿವಿಯಲ್ಲಿ ಹೇಳುವ ರೂಢಿಯಿಲ್ಲ. ಹೇಳದಿದ್ದರೆ ಯಾರಿಗೂ ಗೊತ್ತಾಗುವುದಿಲ್ಲ, ಶಾಸ್ತ್ರಕ್ಕೂ ಕುಂದಿಲ್ಲ. ಒಮ್ಮೆ ಶ್ಯಾಮಾ ಎಂದೆ. ಇನ್ನೊಮ್ಮೆ ಶ್ಯಾಮಾ ಎಂದೆ. ತಲೆಯೆತ್ತಿದರೆ ಡೇಲ್ ಗೋಡೆಗೆ ಒರಗಿ ನಿಂತು ನನ್ನ ತುಟಿಗಳನ್ನೇ ನೋಡುತ್ತಿದ್ದರು. ಆಸ್ಪತ್ರೆಯ ಚೀಟಿ ಓದಿದಾಗ ಇದ್ದದ್ದು ಇದೇ ಮುಖ. ಮತ್ತೆ ಬಾಗಿ, ಮೂರನೆಯ ಸಲ, ಮಗುವಿಗೆ ಮಾತ್ರವಲ್ಲ ಗೋಡೆಯ ಬಳಿಯವರಿಗೂ ಕೇಳುವಂತೆ, "ಶ್ಯಾಮಾ ಮ್ಯಾಕೆಲ್ಹೆರನ್" ಎಂದೆ.

ಹೇಳಿದ ಮೇಲೆ ಏನಾಗುತ್ತದೋ ಎಂದು ಕಾದೆ. ಮಗು ಆಕಳಿಸಿತು. ಡೇಲ್ ಟೋಪಿಯನ್ನು ಮುಖಕ್ಕೆ ಅಡ್ಡ ಹಿಡಿದು ಹಿತ್ತಲ ಕಡೆ ನಡೆದರು.

ಈಗ ಶ್ಯಾಮಾಗೆ ಮೂರು ತುಂಬುತ್ತಾ ಬಂತು. ಅವಳಜ್ಜ ಡೇಲ್ ಹಾಗೆ ಉದ್ದ, ಯಾವುದಕ್ಕೂ ಹಿಂಜರಿಯುವವಳಲ್ಲ. ಸ್ಟವ್, ಚಾಕು, ಪಕ್ಕದ ಮನೆಯ ನಾಯಿ, ಎಲ್ಲದಕ್ಕೂ ಸೀದಾ ಕೈ ಹಾಕುತ್ತಾಳೆ. ಅವಳು ಹಾಗೆ ಕೈ ಚಾಚಿದಾಗಲೆಲ್ಲ ನನಗೆ ಆ ಒಣ ಸೀಮೆಯ ಅಜ್ಜ ನೆನಪಾಗುತ್ತಾರೆ. ಭಯ ಹೋಯಿತೇ ಎಂದು ಕೇಳಿದರೆ, ಇಲ್ಲ. ದಿನಾ ಬೆಳಗ್ಗೆ ಆ ಬಟ್ಟಲಿಗೆ ಕೈಮುಗಿದೇ ಕಾಫಿಗಿಡುತ್ತೇನೆ.

ಈ ವಾರ ಅವಳು ನಮ್ಮ ಮನೆಯಲ್ಲಿದ್ದಾಳೆ. ಈ ಬೆಳಗ್ಗೆ ನಾನು ದೋಸೆ ಹುಯ್ಯುತ್ತಿದ್ದಾಗ ಮಣೆ ಎಳೆದುಕೊಂಡು ಹತ್ತಿ ಬಟ್ಟಲಿನೊಳಗೆ ಬಗ್ಗಿದಳು. ನಾನು ನೋಡುವಷ್ಟರಲ್ಲಿ ಒಂದು ಬೆರಳು ತಾಗಿಯೇ ಬಿಟ್ಟಿತ್ತು. ಗಿಲಕಿ ಚರ್ ಎಂದಿತು. ಅವಳು ಧಡಕ್ಕನೆ ಇಳಿದು ಓಡಿ ಬಂದು ನನ್ನ ಸೀರೆಯ ಹಿಂದೆ ಅವಿತು, ನೆರಿಗೆಯನ್ನು ಮುಷ್ಟಿಯಲ್ಲಿ ಹಿಡಿದುಕೊಂಡಳು.

"ಅಜ್ಜೀ, ಐ ಡೋಂಟ್ ಲೈಕ್ ಇಟ್. ಇಟ್ಸ್ ಸ್ಕೇರಿ."

ದೋಸೆ ಸೀಯುತ್ತಿತ್ತು. ನಾನು ಅಲ್ಲೇ ಕೂತು ಅವಳನ್ನು ಎದೆಗೊತ್ತಿಕೊಂಡೆ. ಅವಳ ಎರಡೂ ಕೈ ಹಿಡಿದು ಜೋಡಿಸಿ, ಕಣ್ಣು ಮುಚ್ಚದೆ ಹೇಗೆ ಮುಗಿಯಬೇಕೆಂದು ತೋರಿಸಿಕೊಟ್ಟೆ. ಆಮೇಲೆ ಡೇಲ್‌ಗೆ ಫೋನ್ ಮಾಡಿ, ಶ್ಯಾಮಾ ಹೆದರಿದಳು ಎಂದು ತಿಳಿಸಿದೆ. ಅಬ್ಬ, ನಮ್ಮ ಮನೆಯಲ್ಲೂ ಒಬ್ಬಳು ಹೆದರಿದಳಲ್ಲ, ಎಂದರು ಅವರು.